ತಲೆ ಹಿಡಿದ ಕೈ

ಮಕ್ಕಳ ತಲೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ನಮ್ಮ ಕಟಿಂಗ್ ಶಾಪಿನಲ್ಲಿ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಕೂರಿಸಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಅರಚುವ ಮಗುವೂ ತೆಪ್ಪಗಾಗಬೇಕು. ಹಿಂದೆ ನಿಲ್ಲಬೇಕು, ಎರಡು ಕಿವಿಗಳ ಮೇಲೂ ಅಂಗೈ ಇಟ್ಟು ಕೊಸರಾಟ ನಿಲ್ಲುವವರೆಗೆ ತಲೆ ಅಲ್ಲಾಡದಂತೆ ಒತ್ತಿ ಹಿಡಿದು ಆಮೇಲೆ ಕತ್ತರಿ ಎತ್ತಬೇಕು, ಬಾಯಿ ಮಾತ್ರ ನಿಲ್ಲಿಸಬಾರದು. ‘ಆಯ್ತು, ಆಗೇಹೋಯ್ತು, ಇದೊಂದೇ’ ಎನ್ನುತ್ತಲೇ ಇರಬೇಕು. ಒಂದು ತಲೆ ಮುಗಿಯುವಷ್ಟರಲ್ಲಿ ಆ ‘ಇದೊಂದೇ’ ಎಷ್ಟು ಸಲ ಆಯಿತೆಂದು ಯಾವ ಮಗುವೂ ಲೆಕ್ಕ ಇಟ್ಟಿಲ್ಲ.

ಆ ಹಲಗೆಯಿಂದಲೇ ನನ್ನ ಮಗಳು ಬಿದ್ದಳು. ವಯಸ್ಸು ಐದಾದರೂ ಇನ್ನೂ ಚೋಟುದ್ದ ಇದ್ದಾಳೆಂದು ಎಲ್ಲರ ಬಾಯಲ್ಲೂ ಚೋಟು. ಗಿರಾಕಿಗಳಿಲ್ಲದ ಮಧ್ಯಾಹ್ನ, ಊಟ ಮುಗಿಸಿ ಅಲ್ಲಿ ಹತ್ತಿ ಕೂತಿದ್ದಳು. ನಾನು ಕತ್ತರಿ ಒರೆಸುತ್ತಿದ್ದೆ. ದಡ್ ಎಂದಿತು. ಎತ್ತಿಕೊಂಡು ನೋಡಿದರೆ ಎಡಗೈ ಬಾಗಬಾರದ ಕಡೆ ಬಾಗಿತ್ತು. ಅಂಗಡಿಯ ಬಾಗಿಲನ್ನೂ ಎಳೆಯದೆ ಸಿಕ್ಕ ಗಾಡಿ ಹತ್ತಿದೆ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

‘ಮೂಳೆ ಎಳೆದು ಕೂರಿಸಬೇಕು. ಹೊಟ್ಟೆ ತುಂಬ ಊಟ ಮಾಡಿದಾಳೆ, ಪೂರ್ತಿ ಪ್ರಜ್ಞೆ ತಪ್ಪಿಸೋಕಾಗಲ್ಲ. ರಕ್ತ ಸರಿಯಾಗಿ ಹೋಗದೆ ಬೆರಳು ತಣ್ಣಗಾಗ್ತಿದೆ, ಕಾಯೋಕೂ ಆಗಲ್ಲ. ಕೈ ಮರಗಟ್ಟೋ ಇಂಜೆಕ್ಷನ್ ಕೊಡ್ತೀನಿ, ಆದ್ರೂ ನೋಯುತ್ತೆ. ಮಗು ಅಲ್ಲಾಡಬಾರದು. ಸರಿಯಾಗಿ ಕೂರದಿದ್ರೆ ಕೊನೆಗೆ ಕೊಯ್ದು ಕೂರಿಸಬೇಕಾಗುತ್ತೆ.’

ಅವಳ ಅಮ್ಮ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ, ಹಾಳಾದವರು. ಮಗುವಿಗೆ ಇದ್ದವನು ನಾನೊಬ್ಬನೇ.

‘ಅಪ್ಪ, ನೋಯುತ್ತಾ?’

‘ಇಲ್ಲ ಕಣೆ, ಇರುವೆ ಕಚ್ಚಿದಷ್ಟೂ ಇಲ್ಲ. ಒಂದೇ ಸಲ, ಆಗೇಹೋಯ್ತು.’

‘ನೀನು ಇಲ್ಲೇ ಇರ್ತೀಯಾ?’

‘ನಿನ್ನ ಬಿಟ್ಟು ಇನ್ನೆಲ್ಲಿಗೆ ಹೋಗ್ಲಿ, ಬಂಗಾರ.’

‘ತಲೆ ಹತ್ರ ಹಿಡ್ಕೊಳ್ಳಿ’ ಎಂದು ನರ್ಸಮ್ಮ ಹೇಳಿದ್ದೇ ತಡ, ನನ್ನ ಕಾಲು ತಾನಾಗಿ ಅವಳ ತಲೆಯ ಹಿಂದಕ್ಕೆ ಹೋಯಿತು, ಕೈ ತಾನಾಗಿ ಎರಡು ಕಿವಿಗಳ ಮೇಲೆ ಕೂತಿತು. ಅಂಗಡಿಯಲ್ಲಾದರೆ ಎದುರಿಗೆ ಕನ್ನಡಿ ಇರುತ್ತದೆ, ಹಿಂದೆ ನಿಂತವನ ಮುಖ ಮಗುವಿಗೆ ಕಾಣುತ್ತದೆ. ಇಲ್ಲಿ ಮೇಜಿನ ಮೇಲೆ ಮಲಗಿದ್ದವಳಿಗೆ ಕಾಣುತ್ತಿದ್ದದ್ದು ಚಾವಣಿಯ ಟ್ಯೂಬ್‌ಲೈಟು ಮಾತ್ರ. ಕಿವಿ ಮುಚ್ಚಿದ್ದರಿಂದ ನನ್ನ ದನಿಯೂ ಕೇಳುತ್ತಿರಲಿಲ್ಲ. ಇಷ್ಟು ಬುದ್ಧಿ ನನಗೆ ಆಗ ಓಡಲಿಲ್ಲ.

ಡಾಕ್ಟರು ಎಳೆದರು.

‘ಅಪ್ಪ ಎಲ್ಲಿ? ಅಪ್ಪನ್ನ ಕರೀರಿ. ಯಾರೋ ನನ್ನ ಹಿಡ್ಕೊಂಡಿದಾರೆ, ಅಪ್ಪನ್ನ ಕರೀರಿ’ ಎಂದು ಕೂಗಿ ಕೊಸರಾಡಿದಳು.

‘ಇಲ್ಲೇ ಇದೀನಲ್ಲೇ, ಆಯ್ತು, ಆಗೇಹೋಯ್ತು, ಇದೊಂದೇ’ ಎನ್ನುತ್ತಾ ನಾನು ಇನ್ನೂ ಒತ್ತಿ ಹಿಡಿದೆ. ಎಷ್ಟು ಕೊಸರಿದಳೋ ಅಷ್ಟು ಒತ್ತಿದೆ.

ಮುಗಿದ ಮೇಲೆ ಕೈ ಸಡಿಲಿಸಿದೆ. ಅವಳು ಕತ್ತು ಹೊರಳಿಸಿ, ಹಿಡಿದಿದ್ದವರು ಯಾರೆಂದು ನೋಡಿದಳು.

‘ನೀನೇನಾ?’ ಎಂದಳು.

ಅವಳ ಹಣೆಯ ಮೇಲಿನ ಕೂದಲು ಸರಿಸಲು ಹೋದೆ, ಮುಖ ತಿರುಗಿಸಿಕೊಂಡಳು.

ಎರಡನೆಯ ಎಕ್ಸ್‌ರೇ ಬಂತು. ಮೂಳೆ ಕೂತಿರಲಿಲ್ಲ, ಇನ್ನೊಮ್ಮೆ ಎಳೆಯಬೇಕಂತೆ. ನನಗೆ ಪಿತ್ತ ನೆತ್ತಿಗೇರಿತು.

‘ಒಂದೇ ಸಲಕ್ಕೆ ಸರಿಯಾಗಿ ಎಳೆಯೋಕೆ ಏನ್ರೀ ಧಾಡಿ ನಿಮಗೆ?’

‘ಹೆದರಿ ಕೊಸರಾಡಿದ್ಲಲ್ಲ, ಜಾರಿತು’ ಎಂದರು ಡಾಕ್ಟರು, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಈ ಸಲ ಎದುರಿಗೆ ಹೋಗಿ ಬಗ್ಗಿ ನಿಂತೆ. ಅವಳು ನನ್ನನ್ನು ದಾಟಿ ಡಾಕ್ಟರನ್ನು ನೋಡಿದಳು.

‘ನೋಯುತ್ತಾ?’

‘ನೋಯುತ್ತೆ, ಪುಟ್ಟಾ. ಮೊದಲಿನಷ್ಟೇ.’

‘ಅಪ್ಪ ಹೊರಗೆ ಹೋಗ್ಲಿ’ ಎಂದಳು.

‘ಚೋಟೂ, ಈ ಸಲ ಹಿಡಿಯಲ್ಲ ಕಣಮ್ಮ. ಮುಟ್ಟೋದೂ ಇಲ್ಲ. ಸುಮ್ಮನೆ ಇಲ್ಲಿ ನಿಂತಿರ್ತೀನಿ.’

‘ಬೇಡ.’

ನರ್ಸಮ್ಮ ನನ್ನ ತೋಳು ಹಿಡಿದು, ‘ಹೋಗಿ, ಅಣ್ಣ, ಅವಳು ಅಲ್ಲಾಡದೆ ಇದ್ರೆ ಸಾಕಲ್ವಾ’ ಎಂದರು. ಸಾಕು, ಅಷ್ಟೇ ಸಾಕಾಗಿತ್ತು. ಹೊರಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡು, ಬಾಗಿಲಿಗೆ ಕಿವಿ ಕೊಟ್ಟು ನಿಂತೆ.

‘ಅಪ್ಪ ಹೋದ್ನಾ?’ ಒಳಗಿನಿಂದ ಅವಳ ದನಿ.

‘ಹೋದ್ರು, ಬಾಗಿಲು ಹಾಕಿದೀನಿ.’

‘ಚಿಲಕ?’

ಚಿಲಕ ಬಿದ್ದ ಸದ್ದು ಕೇಳಿಸಿತು.

‘ಹಾಗಾದ್ರೆ ಎಳೀರಿ’ ಎಂದಳು ನನ್ನ ಮಗಳು.