ರೇಣಮ್ಮನ ನೆಟ್ಟು

"ದೀಪ ಹಚ್ಚೇನಿ ಈಗ. ಇನ್ನ ಕೊಡಾಕ ಬರಂಗಿಲ್ಲ" ಎಂದಳು ರೇಣಮ್ಮ, ಬಾಗಿಲಿಗೆ ಅಡ್ಡ ನಿಂತು.

ಹೊಸ್ತಿಲ ಹೊರಗೆ ನಿಂತವಳು ಮೆಹನಾಜ. ಓಣಿಯ ಹೆಂಗಸರ ಕುಬಸಗಳನ್ನೆಲ್ಲ ಹೊಲಿಯುವವಳು ಅವಳು. ದೋರನಹಳ್ಳಿಯ ಈ ಮನೆಗಳಿಂದ ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಹೊರಗೆ ಹೋಗುವುದಿಲ್ಲ ಎಂಬುದು ಅವಳಿಗೆ ಹೊಸದಲ್ಲ. ಆದರೆ ಅವಳು ಕೇಳಲು ಬಂದದ್ದು ಹೆಪ್ಪಲ್ಲ, ಪಕ್ಕದ ಮನೆಯ ಮೋನಮ್ಮನ ಮಾತಾಡುವ ಡಬ್ಬಿಗೆ ವೈಫೈ ಪಾಸ್‌ವರ್ಡು.

"ರೇಣವ್ವ, ಅದು ಬರೇ ಅಕ್ಷರ ಅದರಿ. ಚೀಟಿ ತೋರ್ಸಿದ್ರ ಸಾಕು, ಹೊಡಕೊಂಡು ಇಲ್ಲೇ ವಾಪಸ್ ಕೊಡ್ತೇನಿ."

"ಅಕ್ಷರ ಇರ್ಲಿ, ಏನರೆ ಇರ್ಲಿ. ಮನಿ ಒಳಗಿಂದು ಹೊರಗ ಹೋಗ್ತದಿಲ್ಲೋ? ಹೆಪ್ಪು ಬ್ಯಾರೆ ಏನ್ ಮಾಡ್ತದ? ಒಂದ್ ಚಮಚ ಒಯ್ದು ಅವರ ಮನ್ಯಾಗ ಗಡಿಗಿ ತುಂಬಿಸ್ಕೋತಾರ. ಇದೂ ಹಂಗ."

ಮಾತು ಎಷ್ಟು ಸರಿಯಾಗಿತ್ತೆಂದರೆ ಮೆಹನಾಜ ನಕ್ಕುಬಿಟ್ಟಳು. ರೇಣಮ್ಮ ನಗಲಿಲ್ಲ. ಮೆಹನಾಜ ಕೈಯಲ್ಲಿದ್ದ ಫೋನು ಎತ್ತಿ, "ಹಂಗಾದ್ರ ನಿಮ್ಮ ಮಗಳು ನಂದಿನಿಗೇ ಫೋನ್ ಹಚ್ಚಿ ಕೇಳ್ತೇನಿ ಬಿಡ್ರಿ" ಎಂದಳು.

"ಬ್ಯಾಡವ್ವ, ಮೆಹನಾಜ." ಪಕ್ಕದ ಬಾಗಿಲಿನಿಂದ ಬಂದದ್ದು ಮೋನಮ್ಮನ ದನಿ. ಅವಳು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. "ಅದು ಅಕ್ಕನ ಮನಿ ಸಾಮಾನು. ಅಕ್ಕ ಕೊಟ್ಟಾಗ ತಗೊಳ್ಳೂಣು. ನನ್ನ ಡಬ್ಬಿಗೇನು ಹಸಿವಿ ಆಗೇದೇನು?"

ಬೈದಿದ್ದರೆ ರೇಣಮ್ಮನಿಗೆ ವಾಸಿಯಾಗುತ್ತಿತ್ತು. ಈ ಸಮಾಧಾನವೇ ಅವಳಿಗೆ ಸೇರದು. ಬಾಗಿಲು ಎಳೆದುಕೊಂಡು ಒಳಗೆ ಹೋದಳು.

ಒಂದು ಕಾಲಕ್ಕೆ ಅದು ಒಂದೇ ಮನೆ. ಅಣ್ಣ ಚಂದ್ರಾಮಪ್ಪ, ತಮ್ಮ ಮರಿಲಿಂಗ ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಗೌಂಡಿ ಜಂತಿಯ ಕೆಳಗೆ ಒಂದು ಗೇಣು ಖಾಲಿ ಬಿಟ್ಟು ಹೋದವನು ಮತ್ತೆ ಬರಲೇ ಇಲ್ಲ. ಹಾಗಾಗಿ ಅತ್ತ ಸಾಸಿವೆ ಸಿಡಿದರೂ ಇತ್ತ ಕೇಳುತ್ತದೆ. ಇತ್ತ ಚಂದ್ರಾಮಪ್ಪನ ಹೆಂಡತಿ ರೇಣಮ್ಮ, ಅತ್ತ ಮರಿಲಿಂಗನ ಹೆಂಡತಿ ಮೋನಮ್ಮ. ಮರಿಲಿಂಗ ತೀರಿಕೊಂಡು ಹನ್ನೊಂದು ವರ್ಷ. ಅವರಿಗೆ ಮಕ್ಕಳಿಲ್ಲ. ಇವರಿಗೆ ಒಬ್ಬಳೇ ಮಗಳು, ನಂದಿನಿ. ಮದುವೆಯಾಗಿ ಸುರಪುರದಲ್ಲಿದ್ದಾಳೆ, ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತೆ.

ಒಬ್ಬಳೇ ಮಗಳು ಎಂದರೂ ಲೆಕ್ಕ ಅಷ್ಟು ನೇರವಾಗಿರಲಿಲ್ಲ. ನಂದಿನಿ ಮೂರು ತಿಂಗಳ ಕೂಸಾಗಿದ್ದಾಗ ರೇಣಮ್ಮನಿಗೆ ವಿಷಮ ಜ್ವರ ಬಂದು ಕಲಬುರಗಿಯ ದವಾಖಾನೆ, ಆಮೇಲೆ ಹತ್ತಿಕುಣಿಯ ತವರುಮನೆ, ಹೀಗೆ ಎಂಟು ತಿಂಗಳು ಕಳೆದವು. ಅಷ್ಟೂ ದಿನ ಕೂಸು ಮೋನಮ್ಮನ ಹೆಗಲ ಮೇಲಿತ್ತು. ತಿರುಗಿ ಬಂದ ದಿನ ರೇಣಮ್ಮ ಎರಡೂ ಕೈ ಚಾಚಿದರೆ ಕೂಸು ಇವಳನ್ನು ಸೂಜಿ ಚುಚ್ಚಲು ಬಂದ ನರ್ಸಮ್ಮನನ್ನು ನೋಡಿದ ಹಾಗೆ ನೋಡಿ, ಮೋನಮ್ಮನ ಕುತ್ತಿಗೆಯಲ್ಲಿ ಮುಖ ಹುಗಿಸಿತು. ಇದು ಮೂವತ್ತೊಂದು ವರ್ಷದ ಹಿಂದಿನ ಮಾತು. ಕೂಸಿಗೆ ನೆನಪಿಲ್ಲ. ರೇಣಮ್ಮನಿಗೆ ಆ ದಿನ ಕೂಸಿಗೆ ಹಾಕಿದ್ದ ಕುಲಾಯಿಯ ಬಣ್ಣವೂ ನೆನಪಿದೆ.

ಮೊನ್ನೆ ಪಂಚಮಿಗೆ ಇನ್ನೊಂದಾಯಿತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆಟೋ ಸದ್ದು ಕೇಳಿದ್ದೇ ತಡ, ರೇಣಮ್ಮ ಚೆಂಬು ತುಂಬ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಳು. ನಂದಿನಿ ಇಳಿದವಳೇ, ಕಟ್ಟೆಯ ಮೇಲೆ ಕೂತು ದಾರಿಗೆ ಕಿವಿಗೊಟ್ಟಿದ್ದ ಮೋನಮ್ಮನ ಕಡೆ ನಡೆದು, ಆಕೆಯ ಕೈ ಹಿಡಿದುಕೊಂಡೇ ಆ ಬಾಗಿಲು ದಾಟಿದಳು. ರೇಣಮ್ಮ ಚೆಂಬನ್ನು ಹೊಸ್ತಿಲ ಪಕ್ಕ ಇಟ್ಟು ಒಲೆಯ ಮುಂದೆ ಹೋಗಿ ಕೂತಳು. ಮಗಳು ಒಳಗೆ ಬಂದಾಗ, "ಬಂದೇನವ್ವ? ರೊಟ್ಟಿ ಬಡಿಯೂದ್ರಾಗ ಗೊತ್ತೇ ಆಗಲಿಲ್ಲ ನೋಡು" ಎಂದಳು. ತಾನು ಬಾಗಿಲಲ್ಲಿ ನಿಂತದ್ದು ಯಾರಿಗೂ ಗೊತ್ತಿಲ್ಲ ಎಂಬುದೊಂದೇ ಅವಳಿಗೆ ಸಮಾಧಾನ.

ಈಗ ಈ ಡಬ್ಬಿ. ಮೆಹನಾಜಳ ಗಂಡ ಅಕ್ರಮ್ ಆಟೋ ಬಾಡಿಗೆಗೆಂದು ಸುರಪುರಕ್ಕೆ ಹೋದವನು, ನಂದಿನಿ ಕೊಟ್ಟಳೆಂದು ಆಟೋದಲ್ಲಿ ಇಟ್ಟುಕೊಂಡು ಬಂದಿದ್ದ. ರೇಣಮ್ಮ ಸೆರಗಿಗೆ ಕೈ ಒರೆಸಿಕೊಂಡು ಚಾಚಿದಳು. ಅಕ್ರಮ್ ಒಂದು ಹೆಜ್ಜೆ ಹಿಂದೆ ಸರಿದು, "ಇದು ಮೋನವ್ವಗ ಅಂತ್ರಿ" ಎಂದ. ಚಾಚಿದ ಕೈಯನ್ನು ಏನು ಮಾಡುವುದು? ಬಾಗಿಲ ತೋರಣ ಸರಿಮಾಡಿದಳು.

ಮೋನಮ್ಮನಿಗೆ ಎರಡು ವರ್ಷದಿಂದ ಕಣ್ಣು ಹೋಗುತ್ತಿವೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದಿದ್ದಾರೆ ಡಾಕ್ಟರು. ಗಡಿಯಾರ ಕಾಣದು, ಫೋನಿನ ಗುಂಡಿ ಕಾಣದು. ಆ ಡಬ್ಬಿಯಾದರೆ ಬಾಯಿಮಾತಿಗೆ ಗಂಟೆ ಹೇಳುತ್ತದೆ, ಭಜನೆ ಹಾಡುತ್ತದೆ, ಹೆಸರು ಹೇಳಿದರೆ ಫೋನು ಹಚ್ಚುತ್ತದೆ. ಇದೆಲ್ಲ ರೇಣಮ್ಮನಿಗೆ ಗೊತ್ತು. ಗೊತ್ತಿದ್ದರೂ ಹೊಟ್ಟೆಕಿಚ್ಚು ನ್ಯಾಯ ಕೇಳುವುದಿಲ್ಲ. ಇವಳ ಮನೆಯಲ್ಲಿರುವುದು ಒಂದು ಮೊಬೈಲು. ಅದು ಹೊತ್ತು ಹುಟ್ಟಿದರೆ ಚಂದ್ರಾಮಪ್ಪನ ಜೇಬಿನಲ್ಲಿ ಕುಳಿತು ಹೊಲಕ್ಕೆ ಹೋಗುತ್ತದೆ. ಸಂಜೆ ಮಗಳು ಫೋನು ಮಾಡಿದರೆ ಅವನು ಹತ್ತಿ, ಮೆಣಸಿನಕಾಯಿ, ಕಾಲುವೆ ನೀರು ಎಲ್ಲ ಮುಗಿಸಿ ಇವಳ ಕೈಗೆ ಕೊಡುವಷ್ಟರಲ್ಲಿ, "ಇಡ್ತೀನವ್ವ, ಕುಕ್ಕರ್ ಕೂಗಾಕತ್ತದ" ಎಂಬುದಷ್ಟೇ ಉಳಿದಿರುತ್ತದೆ.

"ನೆಟ್ಟಿಲ್ಲದ ಮನಿಗಿ ಡಬ್ಬಿ ಕಳಿಸ್ಯಾಳ" ಎಂದಳು ಆ ಸಂಜೆ ಗಂಡನಿಗೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ."

"ನಮ್ಮ ಮನ್ಯಾಗ ನೆಟ್ಟು ಅದಲ್ಲಾ, ಕೊಟ್ಟರಾತು" ಎಂದ ಚಂದ್ರಾಮಪ್ಪ, ಉಣ್ಣುವುದನ್ನು ನಿಲ್ಲಿಸದೆ.

"ಹೂಂ, ಕೊಡ್ರಿ. ಎಲ್ಲಾ ಕೊಡ್ರಿ."

ರಜೆಗೆ ಬಂದಾಗಲೂ ಆಫೀಸಿನ ಕೆಲಸ ಬೆನ್ನು ಬಿಡುವುದಿಲ್ಲವೆಂದು ಹೋದ ವರ್ಷ ನಂದಿನಿಯೇ ಆ ನೆಟ್ಟು ಹಾಕಿಸಿದ್ದಳು. ಪಾಸ್‌ವರ್ಡು ಬರೆದ ಚೀಟಿಯನ್ನು ತಾಯಿಯ ಕೈಗಿಟ್ಟು, "ಯಾರಿಗೂ ಕೊಡಬ್ಯಾಡ" ಎಂದಿದ್ದಳು. ಅಕ್ಷರ ಬಾರದ ರೇಣಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯಲ್ಲಿಟ್ಟು, ಸಂಚಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಒಂದು ವರ್ಷ ಕಾಯ್ದಿದ್ದಳು. ಮಗಳು ತನ್ನನ್ನೇ ನಂಬಿ ಕೊಟ್ಟದ್ದು ಅದೊಂದೇ ಅಲ್ಲವೇ?

ಬೆಳಗಾದ ಮೇಲೆ ನೆವ ಉಳಿಯಲಿಲ್ಲ. ಮೆಹನಾಜ ಮತ್ತೆ ಬಂದಳು. ಈ ಸಲ ರೇಣಮ್ಮ ತಾನೇ ಮೋನಮ್ಮನ ಮನೆಗೆ ಹೋಗಿ, ಸಂಚಿ ಬಿಚ್ಚಿ, ಸುಣ್ಣದ ಕಲೆಯಾದ ಚೀಟಿ ಕೊಟ್ಟಳು. ಕಣ್ಣೆದುರಿಗೇ ಆಗಲಿ ಎಂದು ಅಲ್ಲೇ ಕೂತಳು.

"ಇಲ್ಲಿ ನೆಟ್ಟಿನ ಹೆಸರು ಬಂತು ನೋಡ್ರಿ, ರೇಣಮ್ಮ ಅಂತ" ಎಂದಳು ಮೆಹನಾಜ.

"ಹೌದು, ನನ್ನ ಹೆಸರೇ ಇಟ್ಟಾಳ" ಎಂದು ರೇಣಮ್ಮ ಮೋನಮ್ಮನಿಗೆ ಕೇಳುವ ಹಾಗೆ ಹೇಳಿದಳು.

"ಇನ್ನ ಪಾಸ್‌ವರ್ಡು..." ಮೆಹನಾಜ ಚೀಟಿ ಬಿಡಿಸಿ ತನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಒತ್ತುತ್ತ ಒತ್ತುತ್ತ ಅವಳ ಮುಖ ಅರಳಿತು. "ಅಯ್ಯ, ಮೋನವ್ವ ಅಂತ ಇಟ್ಟಾಳ್ರಿ!"

ನಂದಿನಿ ಮಾತು ಕಲಿತಾಗಿನಿಂದ ಚಿಕ್ಕಮ್ಮನನ್ನು ಕರೆಯುವುದೇ ಹಾಗೆ. ರೇಣಮ್ಮ ಚೀಟಿಯತ್ತ ನೋಡಿದಳು. ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆಯೂ ಅದೇ ಬಂತು. ಒಂದು ವರ್ಷ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದ್ದು ನೆಗೆಣ್ಣಿಯ ಹೆಸರನ್ನು!

"ನಿಮ್ಮ ಹೆಸರಿಟ್ಟಿದ್ರ ಓಣ್ಯಾಗಿನ ಹುಡುಗ್ರು ಮೊದಲ ಅದನ್ನ ಹೊಡೆದು ನೋಡ್ತಿದ್ವು, ಅದಕ್ಕ ಇರಬೇಕ್ರಿ" ಎಂದಳು ಮೆಹನಾಜ, ರೇಣಮ್ಮನ ಮುಖ ನೋಡಿ. ಇರಬಹುದು. ರೇಣಮ್ಮ ಸಂಚಿಯ ದಾರ ಬಿಗಿದು ಕಟ್ಟಿದಳು.

ಡಬ್ಬಿಯ ತಲೆಯ ಮೇಲೆ ನೀಲಿ ಬೆಳಕು ಸುತ್ತಿತು. ಹೆಣ್ಣುದನಿಯೊಂದು ಹಿಂದಿಯಲ್ಲಿ, ರೇಣಮ್ಮನ ಹೆಸರು ಹಿಡಿದು, ನೆಟ್ಟು ಕೂಡಿಕೊಂಡಿತೆಂದು ಹೇಳಿತು. "ನನ್ನ ನೆಟ್ಟು ತಿನ್ನೂದಕ್ಕ ನಾ ಮೊದಲ ಕೇಳ್ತೇನಿ" ಎಂದು ರೇಣಮ್ಮ ಮುಂದೆ ಬಾಗಿ, "ಏ, ಗಂಟಿ ಎಷ್ಟಾತು?" ಎಂದು ಗದರಿದಳು. ಡಬ್ಬಿ ಸುಮ್ಮನಿತ್ತು. ಅದಕ್ಕೆ ಕನ್ನಡ ಬರುವುದಿಲ್ಲವೆಂದೂ, ಮೊದಲು ಹೆಸರು ಹಿಡಿದು ಕರೆಯಬೇಕೆಂದೂ ಮೆಹನಾಜ ತಿಳಿಸಿದಳು. ಮೋನಮ್ಮ ಮೂವತ್ತು ವರ್ಷ ಶಹಾಪುರದ ಸಂತೆಯಲ್ಲಿ ಸಾಬರ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ಮೆಣಸಿನಕಾಯಿ ಮಾರುತ್ತ ಅವರ ಮಾತು ಕಲಿತವಳು. ಮೆಹನಾಜ ಹೇಳಿಕೊಟ್ಟ ಹಾಗೆ ಹೆಸರು ಹಿಡಿದು, "ಟೈಮ್ ಕಿತ್ತಾ ಹುವಾ ಗೇ?" ಎಂದಳು. ಡಬ್ಬಿ ಮರ್ಯಾದೆಯಿಂದ ಒಂಬತ್ತು ಗಂಟೆ ಹತ್ತು ನಿಮಿಷ ಎಂದಿತು. ಮೋನಮ್ಮ ಬಾಯಿಗೆ ಸೆರಗು ಹಿಡಿದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ರೇಣಮ್ಮ ಎದ್ದುಬಂದಳು.

ತುಸು ಹೊತ್ತಿಗೆ ಮೆಹನಾಜ ಚೀಟಿ ತಂದು ಕೊಟ್ಟಳು. ಅದರ ಜೊತೆ ಒಂದು ಬೆಲ್ಲದ ತುಣುಕಿತ್ತು. ಇಸಕೊಂಡ ಬಟ್ಟಲನ್ನು ಖಾಲಿ ಕಳಿಸಬಾರದು ಎಂಬ ಪದ್ಧತಿಯನ್ನು ಮೋನಮ್ಮ ಚೀಟಿಗೂ ಬಿಟ್ಟಿರಲಿಲ್ಲ. ರೇಣಮ್ಮ ಬೆಲ್ಲವನ್ನು ಗೋಡೆಯ ಮಾಡದಲ್ಲಿಟ್ಟಳು. ಎರಡು ದಿನದಲ್ಲಿ ಇರುವೆ ಹತ್ತಿದವು.

ಆ ಎರಡು ದಿನ ಜಂತಿಯ ಕೆಳಗಿನ ಸಂದಿಯಿಂದ ಇಳಿದು ಬಂದದ್ದೆಲ್ಲ ಅವಳ ಕಿವಿಗೆ ಬಿತ್ತು. ಹೊತ್ತಿಗೊಮ್ಮೆ ಗಂಟೆ, ಮುಂಜಾನೆ ಭಜನೆ. ಮಧ್ಯಾಹ್ನ ಒಂದೂವರೆಗೆ, ಆಫೀಸಿನಲ್ಲಿ ಊಟಕ್ಕೆ ಬಿಟ್ಟ ಹೊತ್ತಿಗೆ, ನಂದಿನಿ. ಮಾತು ಸ್ಪಷ್ಟ ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಸಂಜೆಯ ಐದು ನಿಮಿಷದಲ್ಲಿ ತನಗೆ ಎಂದೂ ಸಿಗದ ನಗು. ತನ್ನ ಮನೆಯ ನೆಟ್ಟಿನ ಮೇಲೆ ಹತ್ತಿ, ತನ್ನ ತಲೆಯ ಮೇಲಿಂದ ಹಾದು, ಆ ಮನೆಗೆ ಹೋಗಿ ಇಳಿಯುವ ನಗು.

ಮೂರನೆಯ ದಿನ ಅವಳು ತಾಟಿಗೆ ರೊಟ್ಟಿ ಹಾಕಿಕೊಂಡು ಕೂತಿದ್ದಳು. ನಗು ಬಂತು. ಒಂದು ತುತ್ತೂ ಮುರಿಯದೆ ಎದ್ದಳು. ದೇವರ ಮಾಡದ ಪಕ್ಕ, ಟೀವಿಯ ಮೇಲೆ, ನಾಲ್ಕು ಹಸಿರು ದೀಪದ ನೆಟ್ಟಿನ ಯಂತ್ರವಿತ್ತು. ಗೋಡೆಯ ಸ್ವಿಚ್ಚಿಗೆ ಕೈ ಹಾಕಿ ಒತ್ತಿಬಿಟ್ಟಳು. ನಾಲ್ಕೂ ದೀಪ ಆರಿದವು. ಅತ್ತ ಮಗಳ ನಗು ನಡುವೆಯೇ ತುಂಡಾಯಿತು. ರೇಣಮ್ಮನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು?

ಆದರೆ ಮೋನಮ್ಮನ ಮಾತು ನಿಲ್ಲಲಿಲ್ಲ. ಡಬ್ಬಿಯ ಬೆಳಕು ಏನಾಯಿತೆಂದು ನೋಡಲು ಅವಳಿಗೆ ಕಣ್ಣಿಲ್ಲ.

"ಆತು, ನಗೂದು ಸಾಕು ಮಾಡು. ಈಗ ನಾ ಹೇಳೂದು ಸುಮ್ಮನ ಕೇಳು." ಬರಿಯ ಒಂದೇ ದನಿ ಇದ್ದುದರಿಂದ ಈಗ ಪ್ರತಿ ಮಾತೂ ಸಂದಿಯಿಂದ ಚೊಕ್ಕ ಇಳಿಯಿತು. "ದೀವಳಿಗಿಗಿ ಬಂದಾಗ ಮೊದಲ ನಿಮ್ಮವ್ವನ ಮನ್ಯಾಗ ಕಾಲಿಡು. ನನ್ನ ಕಡಿ ಆಮ್ಯಾಲ ಬಂದೀಯಂತ. ಪಂಚಮಿಗಿ ನೀ ಆಟೋ ಇಳಿದು ಸೀದಾ ನನ್ನಂತ್ಯಾಕ ಬಂದಿ. ಆಕಿ ಚೆಂಬು ಹಿಡಕೊಂಡು ಬಾಗಿಲದಾಗ ನಿಂತಿದ್ದಳು."

ಸ್ವಿಚ್ಚಿನ ಮೇಲಿದ್ದ ರೇಣಮ್ಮನ ಕೈ ಅಲ್ಲೇ ನಿಂತಿತು.

"ಹೆಂಗ ಗೊತ್ತಂತೀ ಏನು? ನನಗ ಕಾಣಂಗಿಲ್ಲ ಖರೆ. ಚೆಂಬು ಕೆಳಗಿಟ್ಟ ಸಪ್ಪಳ ಕೇಳ್ತು. ಖಾಲಿ ಚೆಂಬಿನ ಸಪ್ಪಳ ಬ್ಯಾರೆ ಇರ್ತದ, ತುಂಬಿದ್ದರದು ಬ್ಯಾರೆ. ತುಂಬಿದ್ದನ್ನ ಇಟ್ಟಳವ್ವ ಆಕಿ." ಮೋನಮ್ಮನ ದನಿ ಇಳಿಯಿತು. "ಆಗಿಂದಾಗ ನಿನಗ ಹೇಳಬೇಕಿತ್ತು ನಾ, ಹೋಗು, ಅವ್ವ ನಿಂತಾಳ ಅಂತ. ಹೇಳಲಿಲ್ಲ. ನೀ ಮೊದಲ ನನ್ನ ಕಡಿ ಬಂದಿದ್ದು ನನಗೂ ಛಲೋ ಅನಿಸಿತ್ತು. ಹೇಳಲಿಲ್ಲ."

ಬೀದಿಯಲ್ಲಿ ಗೋಗಿ ಊರಿನ ಕಡೆ ಹೋಗುವ ಆಟೋವೊಂದು ಹಾದುಹೋಯಿತು.

"ಕೇಳಾಕತ್ತೀ ಇಲ್ಲೋ, ನಂದಾ?"

ರೇಣಮ್ಮ ಸ್ವಿಚ್ಚು ಒತ್ತಿದಳು. ಮೊದಲ ದೀಪ ಕೂಡಲೇ ಹತ್ತಿತು. ಎರಡನೆಯದು ಮಿಣುಕಿ ಮಿಣುಕಿ ನಿಂತಿತು. ಮೂರನೆಯದೂ ಬಂತು. ನಾಲ್ಕನೆಯದು ಕೆಂಪಗೇ ಇತ್ತು. ಅದು ಯಾವಾಗಲೂ ತಡ ಮಾಡುತ್ತದೆ.

"ನಂದಾ? ಯಾಕ ಸುಮ್ಮನಾದಿ? ಸಿಟ್ಟಿಗೆದ್ದೇನು?"

ಕೆಂಪು ಕೆಂಪಗೇ ಇತ್ತು. ಆ ಪ್ರಶ್ನೆ ಮೂರನೆಯ ಸಲ ಬರುವುದನ್ನು ರೇಣಮ್ಮನಿಗೆ ಕೇಳಲಾಗಲಿಲ್ಲ. ಜಂತಿಯ ಕೆಳಗಿನ ಸಂದಿಯತ್ತ ಮುಖ ಎತ್ತಿದಳು.

"ಕೇಳಾಕತ್ತೇನಿ" ಎಂದಳು. "ಹೇಳು."

ಗೋಡೆಯಾಚೆ ಮೋನಮ್ಮನ ಹೆಜ್ಜೆ ಸಪ್ಪಳ ಸಂದಿಯ ಹತ್ತಿರಕ್ಕೆ ಬಂದು ನಿಂತಿತು. ಟೀವಿಯ ಮೇಲೆ ನಾಲ್ಕನೆಯ ದೀಪ ಹಸಿರಾಯಿತು.