ಮೇಣದಬತ್ತಿಯ ಮೇಲೆ ಬೆರಳು

ನನ್ನ ಗಂಡ ಚರ್ಚಿನ ಪಾಸ್ಟರು. ಕಡೇ ದಿನದ ನ್ಯಾಯತೀರ್ಪು, ಆರದ ಬೆಂಕಿ ಎಂದು ಶುರುಮಾಡಿದರೆ ಹಿಂದಿನ ಬೆಂಚಿನವರ ನಿದ್ದೆಯೂ ಹಾರಿಹೋಗುತ್ತಿತ್ತು. ಕೊನೆಯಲ್ಲಿ ಮೇಣದಬತ್ತಿ ಹಚ್ಚಿ, ಯಾರಾದರೂ ಬಂದು ಉರಿಯ ಮೇಲೆ ಬೆರಳಿಡಿ ಅನ್ನುವರು. ಯಾರೂ ಏಳುತ್ತಿರಲಿಲ್ಲ. ಒಂದು ಗಳಿಗೆ ತಾಳಲಾರದವರು ಯುಗಯುಗ ಹೇಗೆ ತಾಳುತ್ತೀರಿ ಎಂದು ಕೇಳಿ ಪ್ರಸಂಗ ಮುಗಿಸುವರು. ಇಷ್ಟೆಲ್ಲ ಹೇಳುವ ಮನುಷ್ಯ ಮನೆಯಲ್ಲಿ ಒಲೆಯಿಂದ ಪಾತ್ರೆ ಇಳಿಸಲು ನನ್ನನ್ನೇ ಕೂಗುತ್ತಿದ್ದರು ಎನ್ನುವುದು ಬೇರೆ ಮಾತು.

ಒಮ್ಮೆ ಮಾತ್ರ ಒಬ್ಬ ಎದ್ದು ಬಂದ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಹೆಂಡತಿಯ ಕಾಟ ತಾಳದೆ ವರ್ಷಕ್ಕೊಮ್ಮೆ ಚರ್ಚಿಗೆ ಬರುವ ಆಸಾಮಿ, ಸಂಜೆಯಾದರೆ ಬಾಟಲಿಯ ಭಕ್ತ. ಜಡ್ಡುಗಟ್ಟಿದ ಬೆರಳನ್ನು ಉರಿಯ ಮೇಲೆ ಆರಾಮಾಗಿ ಹಿಡಿದು ನಕ್ಕ. ಸಭೆಯೂ ನಕ್ಕಿತು. ನನ್ನವರ ಮುಖ ಕೆಂಪಾಯಿತು.

"ನಗು, ನಗು. ಅಲ್ಲಿ ಗೊತ್ತಾಗುತ್ತೆ ನಿನಗೆ" ಎಂದುಬಿಟ್ಟರು.

ಮೊನ್ನೆ ಆ ಬಾಯ್ಲರ್ ಕೋಣೆಗೆ ಬೆಂಕಿ ಬಿತ್ತು. ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸರು ಹಿಂಬಾಗಿಲಿನಿಂದ ಹೊರಬೀಳುವವರೆಗೆ ಅವನು ಒಳಗೇ ನಿಂತು ಬಾಯ್ಲರಿಗೆ ಎಣ್ಣೆ ಹಾಯುವ ಕೊಳವೆಯನ್ನು ಮುಚ್ಚಿ ಹಿಡಿದ. ಅವರೆಲ್ಲ ಉಳಿದರು. ಅವನು ಆಸ್ಪತ್ರೆಯಲ್ಲಿ ನರಳಿ ನರಳಿ ಸತ್ತ.

ಅವನು ಸತ್ತ ದಿನ ಸಂಜೆ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಅಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನನ್ನವರನ್ನು ಕೇಳಿದಳು.

"ಪಾಸ್ಟರೇ, ಇಲ್ಲೊಂದು ಸಲ ಸುಟ್ಟಾಯ್ತು. ಅಲ್ಲಿ ಇನ್ನೊಂದು ಸಲ ಸುಡ್ತಾರಾ?"

ನಾಳೆ ಮಾತಾಡೋಣ ಎಂದರು. ಅವಳು ಹೋದ ಮೇಲೆ ನಾನು ಜಗಳ ತೆಗೆದೆ. ಇಲ್ಲ ಅನ್ನಲು ಏನು ದಾಡಿ ಎಂದು ಕೇಳಿದೆ. ತೀರ್ಪು ಹೇಳಲು ನಾನ್ಯಾರು ಎಂದರು. ಅವತ್ತು ಹೇಳಿದಿರಲ್ಲ ಎಂದೆ. ತಟ್ಟೆ ಬಿಟ್ಟು ಎದ್ದುಹೋದರು. ನನಗೂ ಅನ್ನ ಸೇರಲಿಲ್ಲ.

ಮರುದಿನ ಸಮಾಧಿಯ ಹತ್ತಿರ ನನ್ನವರ ಚೀಲದಿಂದ ಅದೇ ಮೇಣದಬತ್ತಿ ಹೊರಬಂದಾಗ, ಇಲ್ಲೂ ಬೆರಳಿಡಿ ಅನ್ನುವರೇನೋ ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಹಚ್ಚಿ, ಶವಪೆಟ್ಟಿಗೆಯ ತಲೆಯ ಕಡೆ ನಿಲ್ಲಿಸಿದರು.

"ಇವನಿಗೆ ನಾನು ಏನು ಹೇಳಿದ್ದೆ ಅಂತ ನಿಮಗೆಲ್ಲ ಗೊತ್ತು. ಮನುಷ್ಯ ಎಂಥವನು ಅಂತ ದೇವರ ಬೆಂಕಿ ತೋರಿಸುತ್ತೆ ಅಂತಾನೂ ನಾನೇ ಬೋಧಿಸಿದ್ದೆ. ಇವನು ಎಂಥವನು ಅಂತ ತೋರಿಸಿ ಆಯ್ತು. ನನ್ನ ಸರದಿ ಇನ್ನೂ ಬಾಕಿ ಇದೆ." ಆಮೇಲೆ ಅವನ ಹೆಂಡತಿಯ ಕಡೆ ತಿರುಗಿದರು. "ಇಲ್ಲಮ್ಮ. ಇನ್ನೊಂದು ಸಲ ಸುಡೋದಿಲ್ಲ."

ಇಸ್ತ್ರಿಯ ಹೆಂಗಸರು ಕಣ್ಣೊರೆಸಿಕೊಂಡರು. ಅವಳು ಮಾತ್ರ ಬಿಡಲಿಲ್ಲ.

"ಖಂಡಿತಾನಾ?"

ಸ್ವರ್ಗ ನರಕಗಳ ಮೂಲೆಮೂಲೆ ಬಲ್ಲವರಂತೆ ಮಾತಾಡುತ್ತಿದ್ದ ನನ್ನ ಗಂಡ ತಲೆ ತಗ್ಗಿಸಿದರು.

"ಗೊತ್ತಿಲ್ಲ. ಆದ್ರೆ ಸುಟ್ಟರೆ, ನಾನು ಆ ದೇವರ ಕೆಲಸ ಬಿಟ್ಟುಬಿಡ್ತೀನಿ."

ಅವಳು ಬಗ್ಗಿ, ಬರಿಗೈಯಲ್ಲೇ ಉರಿ ಚಿವುಟಿ ಆರಿಸಿ, ಮೇಣದಬತ್ತಿಯನ್ನು ನನ್ನ ಕೈಗೆ ಕೊಟ್ಟಳು.

"ಮನೇಲಿಡಿ ಅಕ್ಕ. ಕರೆಂಟ್ ಹೋದಾಗ ಬೇಕಾಗುತ್ತೆ."