ಸೊಸೆಯ ಪಾದ

"ಲೇ ಬೂದಾ, ನಮ್ಮ ಸೊಸೆ ಕಾಲಿಗೆ ನೀರು ಹತ್ತಿತಾ ಕೇಳೋ," ಎಂದು ಒಹೊನೋಸ್ ಮುದುಕ ಕುದುರೆಗೆ ಹೇಳಿದ.

ಜಾರುಬಂಡಿಯ ಹುಲ್ಲಿನ ಮೇಲೆ ಅವನಿಗೆ ಬೆನ್ನು ಹಾಕಿ ಕೂತಿದ್ದ ಮಾರ್ಪಾ, "ಇಲ್ಲವಂತೆ ಕಣೋ ಬೂದಾ. ಕಾಲು ಬೆಚ್ಚಗಿದೆಯಂತೆ," ಎಂದಳು.

ಶುದ್ಧ ಸುಳ್ಳು. ಲೇನಾ ನದಿಗೆ ಸೇರುವ ಹಳ್ಳವನ್ನು ದಾಟುವಾಗ ಬಂಡಿ ಸಿಕ್ಕಿಕೊಂಡು, ತಳ್ಳಲು ಇಳಿದವಳ ಎಡಗಾಲು ಹಿಮದಡಿ ಉಕ್ಕಿ ನಿಂತಿದ್ದ ನೀರಿನಲ್ಲಿ ಮೀನಖಂಡದವರೆಗೂ ಮುಳುಗಿತ್ತು. ಉಗುಳು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ. ಅಲ್ಲೇ ಬೂಟು ಕಳಚಿ, ಕಾಲೊರೆಸಿ, ಒಣಹುಲ್ಲು ಸುತ್ತಿಕೊಂಡಿದ್ದರೆ ಆಗಿಹೋಗುತ್ತಿತ್ತು. ಆದರೆ ಅವಳು ಮದುವೆಯಾಗಿ ಬಂದು ಇದು ಎರಡನೆಯ ಚಳಿಗಾಲ. ಹೊಸ ಸೊಸೆ ಮಾವನಿಗೆ ತಲೆಗೂದಲು ತೋರಿಸಬಾರದು, ಬರಿಗಾಲು ತೋರಿಸಬಾರದು, ನೇರ ಮಾತಾಡಬಾರದು. ಮಾನ ದೊಡ್ಡದು ಎಂದು ಕಲಿಸಿದ ಹಿರಿಯರು ಕಾಲು ಚಿಕ್ಕದು ಎಂದೇನೂ ಹೇಳಿರಲಿಲ್ಲ. ಅವಳೇ ಹಾಗೆ ತಿಳಿದುಕೊಂಡಿದ್ದಳು. ಗಂಡ ಬ್ಯೋತೂರ್ ಇದ್ದಿದ್ದರೆ ಅವನ ಕಿವಿಯಲ್ಲಾದರೂ ಹೇಳುತ್ತಿದ್ದಳು. ಅವನು ಉಳಿದ ಹುಲ್ಲು ಹೇರಿಕೊಂಡು ಇನ್ನೊಂದು ಬಂಡಿಯಲ್ಲಿ ಮರುದಿನ ಬರುವವನಿದ್ದ.

ಮೊದಮೊದಲು ಪಾದ ಕಿತ್ತುಕೊಂಡು ಹೋಗುವಂತೆ ನೋಯುತ್ತಿತ್ತು. ಅವಳು ಹಿಮ್ಮಡಿಯನ್ನು ಬಂಡಿಯ ಹಲಗೆಗೆ ಬಡಿಯುತ್ತಲೇ ಇದ್ದಳು. ಆಮೇಲೆ ನೋವು ನಿಂತಿತು, ಬಡಿತವೂ ನಿಂತಿತು. ಸದ್ಯ, ಬದುಕಿದೆ ಎಂದುಕೊಂಡಳು.

ಆ ಸದ್ದು ನಿಂತದ್ದೇ, ಕಾಲು ಮರಗಟ್ಟಿದೆ ಎಂದು ಮುದುಕನಿಗೆ ತಿಳಿದುಹೋಯಿತು. ಮನೆ ಇನ್ನೂ ದೂರವಿತ್ತು. ಅವನು ಲಗಾಮು ಎಳೆದು, ದಾರಿಹೋಕರಿಗೆಂದು ಕಾಡಂಚಿನಲ್ಲಿ ಕಟ್ಟಿದ್ದ ಮರದ ಗುಡಿಸಲಿನತ್ತ ಕುದುರೆ ತಿರುಗಿಸಿದ.

ಒಳಗೆ ಒಲೆ ಹೊತ್ತಿಸಿ, ಎಲ್ಲರೂ ಮಾಡುವಂತೆ ಮೊದಲು ಬೆಂಕಿಗೊಂದು ಚೂರು ಬೆಣ್ಣೆ ಹಾಕಿ ಕೈಮುಗಿದ. "ಬೆಂಕಿಯಜ್ಜಾ, ಕುದುರೆ ಪೆದ್ದು, ಹೇಳಿದ್ದೆಲ್ಲ ನಂಬುತ್ತೆ. ಈಗ ನೀನೇ ಕೇಳು."

ಕುದುರೆಗೆ ಸುಳ್ಳು ಹೇಳಬಹುದು, ಬೆಂಕಿಗೆ ಹೇಳುವಂತಿಲ್ಲ. ಮಾರ್ಪಾ ಒಲೆಯತ್ತ ತಿರುಗಿದಳು. "ಎಡಗಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ, ಅಜ್ಜಾ," ಎಂದವಳೇ ಬೂಟುಗಾಲನ್ನು ಉರಿಯತ್ತ ಚಾಚಿದಳು.

ಮುದುಕ ಅವಳ ತೋಳು ಹಿಡಿದು ಹಿಂದಕ್ಕೆಳೆದ. "ಸುಟ್ಟು ಕರಕಾದ್ರೂ ನಿಂಗೆ ತಿಳಿಯಲ್ಲ ಕಣೇ! ಬಿಚ್ಚು ಬೂಟು."

ಮಾವ ನೇರ ಮಾತಾಡಿದ್ದಕ್ಕೇ ಅವಳು ಗಾಬರಿಯಾದಳು. "ಸತ್ರೂ ಬಿಚ್ಚಲ್ಲ ಅಂತ ಹೇಳು, ಅಜ್ಜಾ. ಊರವರು ಏನಂತಾರೆ?"

"ಕಾಲು ಹೋದ್ಮೇಲೆ ಊರವರು ಬಂದು ನಿನ್ನ ಹೊತ್ಕೊಂಡು ತಿರುಗ್ತಾರಾ?"

ಅವಳು ಅಳುತ್ತಾ ಎಳೆದಳು. ಬೂಟು ಹಲಗೆಯಂತೆ ಸೆಟೆದಿತ್ತು, ಬರಲಿಲ್ಲ. ಮುದುಕ ಚಾಕು ತೆಗೆದು ಮಂಡಿಯೂರಿದ. ಪಾಪ, ಅವನಿಗೂ ನಾಚಿಕೆಯೇ. ಮುಖ ಗೋಡೆಗೆ ತಿರುಗಿಸಿಕೊಂಡೇ ಕೊಯ್ಯಲು ನೋಡಿದ. ಅಲಗು ಜಾರಿ ಅವಳ ಕಣಕಾಲಿಗೆ ಕೂದಲೆಳೆಯಷ್ಟು ಹತ್ತಿರ ಬಂತು. "ಹಾಳಾಗ್ಲಿ!" ಎಂದು ತಿರುಗಿ, ಕಣ್ಣರಳಿಸಿ ನೋಡಿಕೊಂಡೇ ಕೊಯ್ದ.

ಪಾದ ಮೇಣದಂತೆ ಬೆಳ್ಳಗಿತ್ತು. ಮಾರ್ಪಾ ಬಾಗಿಲ ಬಳಿಯ ಹಿಮದತ್ತ ಕೈ ಚಾಚಿದಳು. ತವರಿನಲ್ಲಿ ಹಿಮದಿಂದಲೇ ಉಜ್ಜುತ್ತಿದ್ದರು. "ಉಜ್ಜಿದ್ರೆ ಚರ್ಮ ಕಿತ್ಕೊಂಡು ಬರುತ್ತೆ, ಸುಮ್ನಿರು," ಎಂದ ಮುದುಕ, ತನ್ನ ತುಪ್ಪಟದ ಕೋಟು, ಅಂಗಿ ಬಿಚ್ಚಿ ಆ ಪಾದವನ್ನು ಬರಿಹೊಟ್ಟೆಗೆ ಒತ್ತಿಕೊಂಡ. ಆ ಥಂಡಿಗೆ ಅವನ ಉಸಿರೇ ಸಿಕ್ಕಿಕೊಂಡಂತಾಯಿತು. ಮಾರ್ಪಾ ಮುಸುಕನ್ನು ಕಣ್ಣಿನ ಮೇಲೆಳೆದುಕೊಂಡಳು. ನೆಲ ಬಾಯಿಬಿಟ್ಟರೆ ಇಬ್ಬರೂ ಸಂತೋಷದಿಂದ ಇಳಿದುಹೋಗುತ್ತಿದ್ದರು.

"ನಾಳೆ ಬ್ಯೋತೂರ್ ಬರೋವರೆಗೆ ಇಲ್ಲೇ ಇರೋಣ," ಎಂದ ಮುದುಕ, ಗೋಡೆ ನೋಡುತ್ತಾ. "ಬಿಸಿಯಾದ ಕಾಲು ದಾರೀಲಿ ಮತ್ತೆ ಹೆಪ್ಪುಗಟ್ಟಿದ್ರೆ ದೇವರೂ ಉಳಿಸಲ್ಲ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಅವಳು ಚೀರಿದಳು. "ಅಯ್ಯೋ ಮಾವಾ! ಬಿಡಿ! ಉರೀತಿದೆ! ಕೊಂದ್ರಲ್ಲಾ ನನ್ನ!"

"ಬೈಯಿ, ಇನ್ನೂ ಬೈಯಿ!" ಮುದುಕನ ಕಣ್ಣಲ್ಲಿ ನೀರು ಬಂತು. ಇಷ್ಟು ಖುಷಿ ಅವನಿಗೆ ಮಗನ ಮದುವೆಯಲ್ಲೂ ಆಗಿರಲಿಲ್ಲ. "ಜೀವ ಇರೋ ಕಾಲು ಮಾತ್ರ ಉರಿಯೋದು."

"ಪೂರ್ತಿ ಉಳಿಯುತ್ತಾ, ಮಾವಾ?"

ಹೆಬ್ಬೆರಳು ಅವನ ಹೊಟ್ಟೆಯ ಮೇಲೆ ಅಲುಗಿತು. ಪಕ್ಕದವೂ ಒಂದೊಂದಾಗಿ ಬೆಚ್ಚಗಾಗತೊಡಗಿದವು. ಪಕ್ಕೆಲುಬಿನ ಕೆಳಗೆ ಕಿರುಬೆರಳೊಂದು ಮಾತ್ರ ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಮುದುಕ ಕೋಟನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, ಆ ಬೆರಳಿನ ಮೇಲೆ ಅಂಗೈಯಿಟ್ಟು ಕೂತ.